ಸಂಖ್ಯೆಯ ಕಂಠಮಾಲೆ

ದೊಡ್ಡ ಸಂಖ್ಯೆಯನ್ನು ಕಂಡರೆ ಅಂಜದವರು ಕಡಿಮೆ. ಮೊನ್ನೆ ಚಿಕ್ಕೇರೂರಿನ ನಮ್ಮ ಮನೆಯಲ್ಲಿ ಮೊಮ್ಮಗಳು ಉದ್ದನೆಯ ಗುಣಾಕಾರವೊಂದನ್ನು ಅರ್ಧಕ್ಕೇ ಬಿಟ್ಟು, "ಅಜ್ಜಾ, ಇಷ್ಟೆಲ್ಲ ಮಾಡಿ ಕಡೀಗೆ ತಪ್ಪಾದ್ರ?" ಎಂದು ವಹಿಯನ್ನು ಅತ್ತ ಸರಿಸಿದಳು. ಅವಳ ಅಂಜಿಕೆ ಶ್ರಮಕ್ಕಲ್ಲ, ಉತ್ತರ ಸರಿಯೋ ತಪ್ಪೋ ತನಗೇ ತಿಳಿಯದು ಎಂಬುದಕ್ಕೆ. ನಾನು ಬೇರೊಂದು ಲೆಕ್ಕ ಕೊಟ್ಟೆ: 27994681ನ್ನು 441ರಿಂದ ಗುಣಿಸು. ಸರಿಯಾದರೆ ಉತ್ತರವೇ ನಿನಗೆ ಹೇಳುತ್ತದೆ.

ಈ ಲೆಕ್ಕ ನನ್ನದಲ್ಲ. ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದ್ದು. ಆಗ ಮಾನ್ಯಖೇಟದಲ್ಲಿ ಆಳುತ್ತಿದ್ದವನು ಅಮೋಘವರ್ಷ ನೃಪತುಂಗ. ಅವನ ದಂಡನಾಯಕ ಬಂಕೇಯನ ಕೈಯಲ್ಲಿ ನಮ್ಮ ಈ ಬನವಾಸಿ ನಾಡು. ನಾಡಿನ ಹೆಸರಿನಲ್ಲಿಯೇ ಸಂಖ್ಯೆ ಇತ್ತು: ಬನವಾಸಿ ಹನ್ನೆರಡು ಸಾವಿರ, ಹಾನುಂಗಲ್ಲು ಐನೂರು.

ಉತ್ತರವೇನು? 12345654321. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಗುಣಲಬ್ಧಗಳನ್ನು ಆಚಾರ್ಯರು ಕೊರಳ ಆಭರಣಕ್ಕೆ ಹೋಲಿಸಿದ್ದಾರೆ. ನಮ್ಮ ಮಾತಿನಲ್ಲಿ ಇದು 1234 ಕೋಟಿ 56 ಲಕ್ಷ 54 ಸಾವಿರದ 321. ಅವರು ಹೆಸರಿಸಿದ 24 ಸ್ಥಾನಗಳಲ್ಲಿ ಇದರ ಮೊದಲ ಅಂಕಿ ಹನ್ನೊಂದನೆಯದಾದ ಅರ್ಬುದದಲ್ಲಿ ನಿಲ್ಲುತ್ತದೆ.

ಈಗ ಮಾಲೆಯ ದಾರವನ್ನು ಬಿಚ್ಚಿ ನೋಡೋಣ. 111111ನ್ನು ಅದರಿಂದಲೇ ಗುಣಿಸಿದರೆ ಈ ಸಂಖ್ಯೆ ಬರುತ್ತದೆ. ಆದ್ದರಿಂದ ಇದು ವರ್ಗಸಂಖ್ಯೆ. 111111 ಎಂದರೆ 111 ಗುಣಿಸು 1001. 111ರೊಳಗೆ 3 ಮತ್ತು 37. 1001ರೊಳಗೆ 7, 11, 13. ಐದೇ ಅವಿಭಾಜ್ಯ ಸಂಖ್ಯೆಗಳು, ಒಂದೊಂದೂ ಎರಡೆರಡು ಸಲ. ಎಷ್ಟು ದೊಡ್ಡದೆಂದು ಅಂಜಿದ್ದೆವೋ ಅದು ಬೆರಳೆಣಿಕೆಯ ಮಣಿಗಳಿಂದ ಆದದ್ದು! ಆಚಾರ್ಯರ 441ರಲ್ಲಿ 3 ಮತ್ತು 7ರ ವರ್ಗಗಳಿವೆ, ಉಳಿದ ಮೂರರ ವರ್ಗಗಳು 27994681ರಲ್ಲಿ ಅಡಗಿವೆ.

ಇನ್ನೊಂದು ಸೋಜಿಗ. 6ನ್ನು ನಿಶ್ಶೇಷವಾಗಿ ಭಾಗಿಸುವ ಅದಕ್ಕಿಂತ ಚಿಕ್ಕ ಸಂಖ್ಯೆಗಳಾದ 1, 2, 3ನ್ನು ಕೂಡಿಸಿದರೆ 6 ಬರುತ್ತದೆ. ಅದು ಪರಿಪೂರ್ಣ ಸಂಖ್ಯೆ. 12ಕ್ಕೆ ಹಾಗೆ ಮಾಡಿದರೆ 16, ಮೂಲಕ್ಕಿಂತ ಹೆಚ್ಚು. ಅದು ಸಮೃದ್ಧ ಸಂಖ್ಯೆ. ಬೆಸ ಸಂಖ್ಯೆಗಳಲ್ಲಿ ಸಮೃದ್ಧವಾದವು ವಿರಳ. 945ಕ್ಕಿಂತ ಕೆಳಗೆ ಒಂದೂ ಇಲ್ಲ. ನಮ್ಮ ಮಾಲೆ ಬೆಸವಾದರೂ ಸಮೃದ್ಧ. ತನ್ನನ್ನುಳಿದು ಅದಕ್ಕೆ 242 ಭಾಜಕಗಳು; ಅವುಗಳ ಮೊತ್ತ 13029870672.

ಮೊಮ್ಮಗಳು ಮೊದಲ ಸಲ ಒಂದು ದಶಕ ಮರೆತಳು, ಮಾಲೆ ಕೂಡಲಿಲ್ಲ. ನಾನು ಸುಮ್ಮನಿದ್ದೆ. ತಪ್ಪನ್ನು ತಾನೇ ಹುಡುಕಿ ತಿದ್ದಿದಳು. ಸರಿಯೆಂದು ಹೇಳಲು ಅವಳಿಗೆ ಅಜ್ಜ ಬೇಕಾಗಲಿಲ್ಲ.

ತಮ್ಮ ಮನೆಯ ಮಕ್ಕಳಿಗೂ ಇಂದು ಒಂದು ಲೆಕ್ಕ ಕೊಡಿ, ಇದೂ ಅದೇ ಗ್ರಂಥದ್ದು: 12345679ನ್ನು 9ರಿಂದ ಗುಣಿಸಲಿ. ಉತ್ತರವನ್ನು ಮಾತ್ರ ನಾನು ಹೇಳುವುದಿಲ್ಲ. ಅದು ತಾನೇ ಹೇಳಿಕೊಳ್ಳುತ್ತದೆ.