ಲಿವರಿನ ಗಾಯ, ರಕ್ತದ ಲೆಕ್ಕ
(ಅನಗವಾಡಿಯಲ್ಲಿ ಮಾಡಿದ ಭಾಷಣ)



ಕಾಮಾಲೆಯೆಂದರೆ ಕಣ್ಣು ಹಳದಿಯಾಗುವ ರೋಗವೆಂದು ನಾವೆಲ್ಲ ತಿಳಿದಿದ್ದೇವೆ. ಹಳದಿ ಇಳಿಯಿತೆಂದರೆ ರೋಗ ಹೋಯಿತೆಂದು ಗಿರಣಿಗೆ ಹೋಗುತ್ತೇವೆ, ಅಂಗಡಿಯ ಬಾಗಿಲು ತೆರೆಯುತ್ತೇವೆ. ಹೊಲಸು ನೀರಿನಿಂದ ಬಂದ ಕಾಮಾಲೆಯು ಬಹುತೇಕ ಹಾಗೆಯೇ ವಾಸಿಯಾಗುತ್ತದೆ. ಆದರೆ ರಕ್ತದ ಮೂಲಕ ಹರಡುವ 'ಬಿ' ಮತ್ತು 'ಸಿ' ಎಂಬ ವೈರಾಣುಗಳ ರೀತಿಯೇ ಬೇರೆ. ಅವು ಬೇರೂರಿದರೆ ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಲಿವರನ್ನು ಕೆಡಿಸಬಲ್ಲವು. ಕಣ್ಣು ಹಳದಿಯಾಗದು, ಹೊಟ್ಟೆ ನೋಯದು, ಕೆಲಸವೂ ನಿಲ್ಲದು.

ಒಳಗೆ ಮಾತ್ರ ಗಾಯವಾದಲ್ಲೆಲ್ಲ ನಾರು ಬೆಳೆಯುತ್ತದೆ. ಹರಿದ ಧೋತರಕ್ಕೆ ತೇಪೆ ಹಾಕಿದಂತೆ. ತೇಪೆಯೇ ಹೆಚ್ಚಾಗಿ ಬಟ್ಟೆ ಉಳಿಯದಂತಾದಾಗ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ರಕ್ತ ವಾಂತಿಯಾಗುತ್ತದೆ. ದುಡಿಯುವವನು ಹಾಸಿಗೆ ಹಿಡಿದರೆ ಮನೆಯ ಒಲೆ ಆರಿತೆಂದೇ ಅರ್ಥ.

ಈ ನಾರನ್ನು ಅಳೆಯುವುದು ಹೇಗೆ? ಹಿಂದೆ ಪಕ್ಕೆಯಲ್ಲಿ ಸೂಜಿ ಚುಚ್ಚಿ ಲಿವರಿನ ಚೂರು ತೆಗೆದು ನೋಡುವುದೇ ಮುಖ್ಯ ದಾರಿಯಾಗಿತ್ತು. ಆ ಚೂರು ಇಡೀ ಲಿವರಿನ ಸುಮಾರು 50,000ದಲ್ಲಿ ಒಂದು ಪಾಲು. ಖರ್ಚು, ನೋವು, ರಕ್ತಸ್ರಾವದ ಭಯ ಬೇರೆ. 2003ರಲ್ಲಿ ವೈದ್ಯರು ಸುಲಭದ ಲೆಕ್ಕವೊಂದನ್ನು ಪ್ರಕಟಿಸಿದರು. ಅದರ ಹೆಸರು 'ಎಪ್ರಿ'. ಅದಕ್ಕೆ ಬೇಕಾದದ್ದು ಸಾಮಾನ್ಯ ರಕ್ತ ಪರೀಕ್ಷೆಯ ಎರಡೇ ಅಂಕೆ: ಎಸ್‌ಜಿಒಟಿ ಮತ್ತು ಪ್ಲೇಟ್‌ಲೆಟ್.

ಲಿವರಿನ ಕಣ ಒಡೆದಾಗ ಎಸ್‌ಜಿಒಟಿ ರಕ್ತಕ್ಕೆ ಸೋರಿ ಏರುತ್ತದೆ. ಲಿವರ್ ನಾರುಗಟ್ಟಿದರೆ ರಕ್ತದ ದಾರಿ ಬಿಗಿದು ಗುಲ್ಮ ಊದುತ್ತದೆ; ಪ್ಲೇಟ್‌ಲೆಟ್‌ಗಳು ಅಲ್ಲಿ ಸಿಕ್ಕಿಬಿದ್ದು ಇಳಿಯುತ್ತವೆ. ಒಂದು ಏರಿ ಇನ್ನೊಂದು ಇಳಿದರೆ ಸಂಶಯ ಬಲವಾಗುತ್ತದೆ.

ಅಂಗಡಿಕಾರರಿಗೆ ಈ ಲೆಕ್ಕ ಕಷ್ಟದ್ದಲ್ಲ. ಎಸ್‌ಜಿಒಟಿ 72 ಇದೆ, ಪ್ರಯೋಗಾಲಯದ ಮೇಲಿನ ಮಿತಿ 40 ಎನ್ನಿ. 72ನ್ನು 40ರಿಂದ ಭಾಗಿಸಿದರೆ 1.8. ಅದನ್ನು 100ರಿಂದ ಗುಣಿಸಿದರೆ 180. ಪ್ಲೇಟ್‌ಲೆಟ್ 1,20,000 ಇದ್ದರೆ ಸಾವಿರದ ಲೆಕ್ಕದಲ್ಲಿ 120. 180ನ್ನು 120ರಿಂದ ಭಾಗಿಸಿದರೆ 1.5. ಇದೇ ಎಪ್ರಿ.

ಮುಖ್ಯ ಮಾತು ಇಲ್ಲಿದೆ. 'ಬಿ' ರೋಗದಲ್ಲಿ ಲಿವರ್ ಪೂರ್ತಿ ಗಟ್ಟಿಯಾಗಿದೆಯೆಂದು ಗುರುತಿಸಲು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2 ಎಂಬ ಗೆರೆ ಎಳೆದಿತ್ತು. 2024ರಲ್ಲಿ ಆ ಗೆರೆಯನ್ನು 1ಕ್ಕೆ ಇಳಿಸಿತು, ದೊಡ್ಡವರಲ್ಲಿ 0.5 ದಾಟಿದರೇ ಗಣನೀಯ ನಾರಿದೆಯೆಂದು ಬಗೆದು ಔಷಧ ಕೊಡಬೇಕೆಂದಿತು. ನಮ್ಮ 1.5ರ ರೋಗಿ ಹಳೆಯ ಗೆರೆಗೆ ಸಿಕ್ಕುತ್ತಿರಲಿಲ್ಲ, ಹೊಸದಕ್ಕೆ ಸಿಕ್ಕುತ್ತಾನೆ. ಆದ್ದರಿಂದ "ಸದ್ಯಕ್ಕೆ ಔಷಧ ಬೇಡ" ಎಂದು ಹಿಂದೆ ಹೇಳಿಸಿಕೊಂಡವರು ಮತ್ತೆ ಹೋಗಿ ಕೇಳಬೇಕು.

ಆದರೆ ಈ ಲೆಕ್ಕವೇ ಅಂತಿಮ ತೀರ್ಪಲ್ಲ. ಡೆಂಗಿ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಸಾರಾಯಿಯಿಂದ ಎಸ್‌ಜಿಒಟಿ ಏರುತ್ತದೆ. ಅಂಕೆ ಕಡಿಮೆ ಬಂದರೂ ನಾರು ಇಲ್ಲವೆಂದು ಖಚಿತವಾಗದು. ಲೆಕ್ಕ ನಾವು ಮಾಡೋಣ, ನಿರ್ಣಯವನ್ನು ವೈದ್ಯರು ಮಾಡಲಿ.

ಸರಕಾರವು 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಅದರಲ್ಲಿ 'ಬಿ', 'ಸಿ' ಪರೀಕ್ಷೆಯೂ ಔಷಧವೂ ಉಚಿತ. 'ಸಿ' ರೋಗ ಬಹುತೇಕ ಜನರಲ್ಲಿ 12 ವಾರಗಳ ಗುಳಿಗೆಯಿಂದ ಗುಣವಾಗುತ್ತದೆ. 'ಬಿ'ಯನ್ನು ದಿನಕ್ಕೊಂದು ಗುಳಿಗೆಯಿಂದ ಹತೋಟಿಯಲ್ಲಿಡಬಹುದು. ಇದು ಯಾರ ದಾನವೂ ಅಲ್ಲ, ನಮ್ಮ ತೆರಿಗೆಯ ಹಣ. ಘಟಪ್ರಭೆಯ ಸೇತುವೆ ದಾಟಿದರೆ ಬಾಗಲಕೋಟೆ. ಅಲ್ಲಿಯ ಜಿಲ್ಲಾ ಆಸ್ಪತ್ರೆಯಲ್ಲಿ ಈ ಕಾರ್ಯಕ್ರಮದ ಹೆಸರು ಹೇಳಿ ವಿಚಾರಿಸಿರಿ.

ಕೂಡಿ ಉಂಡರೆ, ಕೂಡಿ ದುಡಿದರೆ ಈ ರೋಗ ಅಂಟುವುದಿಲ್ಲ. ರೋಗವಿದೆಯೆಂದು ಯಾರನ್ನೂ ಕೆಲಸದಿಂದ ಬಿಡಿಸಕೂಡದು, ಬಿಡಿಸಿದರೆ ಸುಮ್ಮನಿರಕೂಡದು. ಪರೀಕ್ಷೆಯ ಕಾಗದವನ್ನು ಹರಿದೊಗೆಯಬೇಡಿರಿ, ಪಗಾರದ ಚೀಟಿಯಂತೆ ಜೋಪಾನವಾಗಿಡಿರಿ. ಮುಂದಿನ ವರ್ಷದ ಅಂಕೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿರಿ.