ವಿಚಾರಗೋಷ್ಠಿಯಲ್ಲಿ ಕೇಳುವವರು

ಸಿರುಗುಪ್ಪದ ಕಡೆಯ ಕರೂರಿನಂಥ ಊರಿನಿಂದ ಬೆಂಗಳೂರಿಗೆ ಹೋಗಿ, ನಿಮ್ಹಾನ್ಸ್‌ನಲ್ಲಿಯೋ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೋ ನರವಿಜ್ಞಾನದಲ್ಲಿ ಪಿಎಚ್.ಡಿ.ಗೆ ಸೇರುವ ಮಕ್ಕಳನ್ನು ಕುರಿತು ಈ ಮಾತು. ಪ್ರಯೋಗಶಾಲೆಗಿಂತ ಹೆಚ್ಚು ಅಳುಕು ಹುಟ್ಟಿಸುವುದು ವಿಚಾರಗೋಷ್ಠಿ, ಅಂದರೆ ಸೆಮಿನಾರು.

ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿಯಂತೆ ಸಂಶೋಧನ ವಿದ್ಯಾರ್ಥಿಯು ಪ್ರತಿ ಸೆಮಿಸ್ಟರಿನಲ್ಲೊಮ್ಮೆ ಸಲಹಾ ಸಮಿತಿಯ ಮುಂದೆ ತನ್ನ ಕೆಲಸವನ್ನು ವಿವರಿಸಬೇಕು. ಮಹಾಪ್ರಬಂಧ ಒಪ್ಪಿಸುವ ಮುನ್ನ ಅಧ್ಯಾಪಕರೂ ಇತರ ಸಂಶೋಧಕರೂ ಬರಬಹುದಾದ ಸಭೆಯಲ್ಲಿ ಮಂಡಿಸಬೇಕು. ಇನ್ನೊಬ್ಬರ ಗೋಷ್ಠಿಗೆ ಹೋಗುವುದೋ? ಅದು ಹಾಜರಿ ಪುಸ್ತಕದ ರುಜುವಿನಿಂದ ಮುಗಿಯುವುದಲ್ಲ. ಈ ಶಾಸ್ತ್ರದಲ್ಲಿ ಒಬ್ಬನು ಇಲಿಯ ಮಿದುಳಿನ ಒಂದೇ ಕೋಶವನ್ನು ನೋಡುತ್ತಾನೆ. ಇನ್ನೊಬ್ಬಳು ನಿದ್ರಿಸುವವರ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುತ್ತಾಳೆ. ಮತ್ತೊಬ್ಬನದು ಬರಿಯ ಗಣಿತ. ಇವರು ಪರಸ್ಪರರ ಮಾತು ಕೇಳುವ ಜಾಗವೇ ಗೋಷ್ಠಿ.

1906ರಲ್ಲಿ ಗಾಲ್ಜಿ, ಕಹಾಲ್ ಇಬ್ಬರಿಗೂ ಒಂದೇ ನೊಬೆಲ್ ಬಹುಮಾನ ಬಂದಿತು. ನರಮಂಡಲ ಎಡೆಬಿಡದ ಬಲೆ ಎಂದವನು ಗಾಲ್ಜಿ. ಬಿಡಿ ಕೋಶಗಳಿಂದಾದದ್ದು ಎಂದವನು ಕಹಾಲ್. ಕಹಾಲ್ ಅದನ್ನು ಕಂಡದ್ದಾದರೂ ಗಾಲ್ಜಿಯೇ ಕಂಡುಹಿಡಿದ ಬಣ್ಣದ ವಿಧಾನದಿಂದ! ಸ್ಟಾಕ್‌ಹೋಮಿನ ಉಪನ್ಯಾಸಗಳಲ್ಲಿಯೂ ಇಬ್ಬರೂ ತಂತಮ್ಮ ವಾದವನ್ನೇ ಹೇಳಿದರು. ಸಭೆ ಎರಡನ್ನೂ ಕೇಳಿತು.

ಕನ್ನಡ ಶಾಲೆಯಲ್ಲಿ ಓದಿದ ಹುಡುಗಿ ಇಂಗ್ಲಿಷಿಗೆ ಅಂಜಿ ಪ್ರಶ್ನೆಯನ್ನು ನುಂಗಿಕೊಂಡರೆ ನಷ್ಟ ಆಕೆಯೊಬ್ಬಳದಲ್ಲ. ಅದನ್ನು ಮೊದಲು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಳ್ಳಲಿ. ತನ್ನ ಸರದಿ ಬಂದಾಗ ಚಿತ್ರದ ಮೇಲೆ ಚಿತ್ರ ಓಡಿಸದೆ, ತಾನು ಹುಡುಕಿದ್ದೇನು, ಕಂಡದ್ದೇನು, ಯಾವ ಪ್ರಯೋಗ ಕೈಕೊಟ್ಟಿತು, ಇಷ್ಟನ್ನು ಹೇಳಲಿ. ಮುಂದಿನ ಸಾಲಿನ ಹಿರಿಯರೂ ಆಕೆ ವಾಕ್ಯ ಮುಗಿಸುವವರೆಗೆ ಕಾಯಬೇಕು.