ನಿದ್ರೆಯ ಋಣ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಗಳಿಂದ ನೆರೆದಿರುವ ಬಂಧುಗಳೇ, ತಾಯಂದಿರೇ,

ಮಠದ ಮಹೋತ್ಸವದಲ್ಲಿ ನಿದ್ರೆಯ ಮಾತೇಕೆಂದು ತಮಗೆ ಅನಿಸಬಹುದು. ಶಿವರಾತ್ರಿಯ ಜಾಗರಣೆಯನ್ನು ಕೊಂಡಾಡುವ ಸ್ಥಾನವಿದು. ಆದರೆ ವರ್ಷಕ್ಕೊಂದಿರುಳು ಭಕ್ತಿಯಿಂದ ಎಚ್ಚರಿರುವದು ಬೇರೆ. ಹೊಟ್ಟೆಯ ಪಾಡಿಗಾಗಿ ಮೇಲಿಂದಮೇಲೆ ನಿದ್ದೆಗೆಡುವದು ಬೇರೆ. ಪಂಪಿನ ವಿದ್ಯುತ್ತು ರಾತ್ರಿಯ ಪಾಳಿಯಲ್ಲಿ ಬಂದಾಗ ನಮ್ಮ ರೈತನು ಬ್ಯಾಟರಿ ಹಿಡಿದು ಕಬ್ಬಿಗೋ ಗೋವಿನಜೋಳಕ್ಕೋ ನೀರು ಹಾಯಿಸಲು ಹೋಗುವನು. ಬೆಳಗಾದೊಡನೆ ಮತ್ತೆ ದುಡಿಮೆ. ಹಗಲಲ್ಲಿ ಅರೆಗಳಿಗೆ ಕಣ್ಣು ಮುಚ್ಚಿದರೆ ಅವನನ್ನು ಸೋಮಾರಿಯೆನ್ನುವೆವು. ಇದು ಅನ್ಯಾಯವು.

ಚರಕಸಂಹಿತೆಯು ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ಶರೀರದ ಮೂರು ಉಪಸ್ತಂಭಗಳೆಂದೆಣಿಸಿದೆ. 1953ರಲ್ಲಿ ಅಮೇರಿಕೆಯ ಆಸೆರಿನ್‌ಸ್ಕಿ, ಕ್ಲೈಟ್‌ಮನ್ ಎಂಬ ವಿದ್ವಾಂಸರು, ಮಲಗಿದವನ ಕಣ್ಣುಗುಡ್ಡೆಗಳು ಆಗಾಗ ವೇಗವಾಗಿ ಚಲಿಸುವವೆಂದೂ ಅದಕ್ಕೂ ಕನಸಿಗೂ ಸಂಬಂಧವಿದೆಯೆಂದೂ ಪ್ರಕಟಿಸಿದರು. ಗಾಢನಿದ್ರೆ, ಕನಸಿನ ನಿದ್ರೆಗಳು ಸುಮಾರು 90 ನಿಮಿಷಕ್ಕೊಂದು ಸುತ್ತಿನಂತೆ ಬರುವವು. ದಣಿದ ದೇಹವು ಸುಧಾರಿಸುವದೂ ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳುವದೂ ಆಗಲೇ. ವಯಸ್ಕರಿಗೆ ದಿನಕ್ಕೆ 7 ತಾಸಾದರೂ ನಿದ್ರೆ ಅವಶ್ಯವು.

ಇನ್ನು ರೋಗಗಳ ಮಾತು. ಗೊರಕೆಯನ್ನು ಸುಖನಿದ್ರೆಯ ಲಕ್ಷಣವೆಂದು ನಾವು ನಗುವದುಂಟು. ಗೊರಕೆಯ ನಡುವೆ ಉಸಿರು ನಿಂತು, ಮಲಗಿದವನು ಬೆಚ್ಚಿ ಏದುಸಿರು ಬಿಡುತ್ತಿದ್ದರೆ ಅದು ರಕ್ತದೊತ್ತಡಕ್ಕೂ ಹೃದ್ರೋಗಕ್ಕೂ ದಾರಿಯಾಗತಕ್ಕ ವ್ಯಾಧಿಯು. ತಾಯಂದಿರೇ, ಇದು ರೋಗಿಗೆ ತಿಳಿಯದು, ಬಳಿಯಲ್ಲಿರುವವರಿಗೇ ತಿಳಿಯುವದು. ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿರಿ. ವಾರಕ್ಕೆ 3 ರಾತ್ರಿಯಂತೆ 3 ತಿಂಗಳು ನಿದ್ರೆ ಬಾರದಿದ್ದರೆ ಅದಕ್ಕೂ ಚಿಕಿತ್ಸೆ ಬೇಕು. ಆದರೆ ತಾವಾಗಿಯೇ ಗುಳಿಗೆ ನುಂಗಬಾರದು. ನಡೆ-ರೂಢಿಗಳನ್ನು ತಿದ್ದುವ ಚಿಕಿತ್ಸೆಯೇ ಮೊದಲನೆಯದು.

ಏಳುವ ಹೊತ್ತು ನಿಶ್ಚಿತವಾಗಿರಲಿ. ಸಂಜೆಯ ಮೇಲೆ ಚಹಾ ಬೇಡ. ಸವಣೂರಿನ ಎಲೆ ಎಷ್ಟು ಸೊಗಸಾದರೂ ಅದಕ್ಕೆ ತಂಬಾಕು ಬೆರೆಸಿ ಮಲಗುವ ಮುನ್ನ ಮೆಲ್ಲಬೇಡಿರಿ. ತಂಬಾಕು ನಿದ್ರೆಯ ವೈರಿಯು. ಮದ್ಯವು ಮೊದಲು ಮಂಪರು ತಂದು ನಡುರಾತ್ರಿಯಲ್ಲಿ ನಿದ್ರೆ ಕೆಡಿಸುವದು. ಮೊಬೈಲು ಹಾಸಿಗೆಯಿಂದ ದೂರವಿರಲಿ.

ಕಡೆಯದಾಗಿ ಒಂದು ಬೇಡಿಕೆ. ರಾತ್ರಿ ನೀರು ಹಾಯಿಸಿ ಬಂದವರಿಗೆ ಬೆಳಿಗ್ಗೆ ಕತ್ತಲಾದ ಕೋಣೆಯನ್ನು ಬಿಟ್ಟುಕೊಡಿರಿ, ಮನೆ ಸದ್ದಿಲ್ಲದಿರಲಿ. ತೂಕಡಿಸುವ ಕಣ್ಣಿನಲ್ಲಿ ಟ್ರ್ಯಾಕ್ಟರ್ ಹತ್ತಹೋದರೆ ಕೈಹಿಡಿದು ತಡೆಯಿರಿ. ಒಂದು ಕ್ಷಣದ ಜೋಂಪು ಒಂದು ಮನೆಯನ್ನೇ ಕೆಡಿಸೀತು. ಹಸಿದವರಿಗೆ ಅನ್ನವಿಕ್ಕುವ ದಾಸೋಹವನ್ನು ನಾವೆಲ್ಲರೂ ಬಲ್ಲೆವು. ನಮ್ಮ ಅನ್ನಕ್ಕಾಗಿ ನಿದ್ದೆಗೆಟ್ಟವರಿಗೆ ನಿದ್ರೆಯನ್ನು ಹಿಂದಿರುಗಿಸುವದೂ ಆ ಸೇವೆಯ ಅಂಗವೇ ಸರಿ.

ಇಷ್ಟನ್ನು ಅರಿಕೆಮಾಡಿ ವಿರಮಿಸುವೆನು.